ಇನ್ನೊಂದೇ ತುತ್ತು, ನನ್ನ ಬಂಗಾರ

ಯಾವ ಬರಹಕ್ಕೆ ಕೈಹಚ್ಚಿದರೂ ಮೊದಲು ಜಿನೇಶ್ವರನ ಪಾದಗಳನ್ನು ನೆನೆದು ಆಮೇಲೆ ವಿಷಯಕ್ಕೆ ಇಳಿಯುವುದು ನಮ್ಮ ಮನೆತನದ ಪದ್ಧತಿ. ನೆನೆದಿದ್ದೇನೆ. ಇನ್ನು ವಿಷಯ. ಅದು ಒಂದು ಊಟದ ಡಬ್ಬಿಯದು.

ನನ್ನ ಮಗ ವಜ್ರಕುಮಾರನಿಗೆ ಹನ್ನೆರಡು ತುಂಬಿ ಕೆಲವು ತಿಂಗಳಾಗಿದ್ದವು. ಒಂದು ಸಂಜೆ ಅವನು ಶಾಲೆಯಿಂದ ಬಂದವನೇ ಪುಸ್ತಕದ ಚೀಲವನ್ನು ದೇವರ ಕೋಣೆಯ ಹೊಸ್ತಿಲ ಮೇಲಿಟ್ಟು, ನಾಳೆಯಿಂದ ತಾನು ಶಾಲೆಗೆ ಹೋಗುವುದಿಲ್ಲವೆಂದೂ, ಸಂಸಾರ ನಿಸ್ಸಾರವೆಂದೂ, ತನಗೆ ಆದಷ್ಟು ಬೇಗ ದೀಕ್ಷೆ ಕೊಡಿಸಬೇಕೆಂದೂ ಸಾರಿದ. ಬಸದಿಯಲ್ಲಿ ದಿನವೂ ಶಾಸ್ತ್ರ ಓದಿ ಅರ್ಥ ಹೇಳುವ ವೃತ್ತಿ ನನ್ನದು. ಕೇಳುವವರಲ್ಲಿ ಅರ್ಧ ಜನ ತೂಕಡಿಸುತ್ತಾರೆ, ಉಳಿದವರು ಬಿಸಿಲು ಇಳಿಯಲೆಂದು ಕೂತಿರುತ್ತಾರೆ. ಕೊನೆಗೂ ಒಬ್ಬನು ಕಿವಿಗೊಟ್ಟನಲ್ಲ, ಅವನೂ ನನ್ನ ಮಗನೇ ಆದನಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ನನ್ನ ಹೆಂಡತಿ ಅನಂತಮತಿ ಒಳಗಿನಿಂದ ಬಂದು, ಚೀಲದೊಳಗಿನ ಡಬ್ಬಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

"ಇದು ವೈರಾಗ್ಯ ಅಲ್ರೀ, ಹಸಿವು," ಅಂದಳು. "ಡಬ್ಬಿನೂ ಖಾಲಿ ಐತಿ, ಹುಡುಗನ ಹೊಟ್ಟಿನೂ ಖಾಲಿ ಐತಿ. ನಡುವ ಯಾರೋ ಅದಾರ."

ಪರಸ್ಥಳದ ಓದುಗರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ಮಕ್ಕಳು ಹನ್ನೆರಡು ದಾಟಿದರೆಂದರೆ, ಮದುವೆಯ ವಯಸ್ಸಿಗೆ ಬರುವ ತನಕ ಅವರ ಏರುದನಿ ಅವರದಲ್ಲ. ಮೆಲ್ಲಗೆ ಮಾತಾಡುವಾಗ ಸ್ವಂತ ಕಂಠವೇ ಇರುತ್ತದೆ. ಸಿಟ್ಟಿನಿಂದಲೋ ಭಯದಿಂದಲೋ ಹಿಗ್ಗಿನಿಂದಲೋ ದನಿ ಎತ್ತಿದರೆ ಮಾತ್ರ ಹೊರಬರುವುದು ತಾಯಿಯ ಕಂಠ, ಇಲ್ಲವೇ ತಂದೆಯ ಕಂಠ. ಬರುವ ಮಾತುಗಳೂ ಮನೆಯಲ್ಲಿ ಆ ಮಗುವಿಗೆ ಅವರು ಆಡಿದ ಮಾತುಗಳೇ. ಹೊಸದೊಂದು ಅಕ್ಷರ ಹುಟ್ಟುವುದಿಲ್ಲ. ಸಂತೆಯಲ್ಲಿ ಮೀಸೆ ತಿರುವಿ ನಡೆಯುವ ನಮ್ಮ ಫೌಜದಾರರ ಮಗ ಆಟದ ಬಯಲಿನಲ್ಲಿ ಚೆಂಡಿಗಾಗಿ ಜಗಳಕ್ಕೆ ನಿಂತಾಗ, "ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ನಿಮ್ಮವ್ವಗ ಹೇಳಬ್ಯಾಡೋ!" ಎಂದು ಫೌಜದಾರರ ಗಡಸು ಕಂಠದಲ್ಲಿ ಅಬ್ಬರಿಸಿದ್ದನ್ನು ಊರು ಇನ್ನೂ ಮರೆತಿಲ್ಲ. ಸದಾ ಅಂಗಡಿಯಲ್ಲೇ ಇರುವ ಗಂಡಹೆಂಡತಿಯ ಮಗಳೊಬ್ಬಳು ಸಿಟ್ಟು ಬಂದಾಗಲೆಲ್ಲ "ಇವತ್ತ ರೊಕ್ಕ, ನಾಳೆ ಉದ್ರಿ" ಎಂದು ಕೂಗುತ್ತಾಳೆ. ಪಾಪ, ಅವಳಿಗೆ ಮನೆಯಲ್ಲಿ ಸಿಕ್ಕ ಮಾತೇ ಅಷ್ಟು. ಸಂಬಂಧ ನೋಡಲು ಬರುವ ಹಿರಿಯರು ಮೊದಲು ಹೆಣ್ಣಿನ ಮನೆಗೆ ಹೋಗುವುದಿಲ್ಲ, ಅವಳ ತಮ್ಮ ಓದುವ ಶಾಲೆಯ ಬೇಲಿಯ ಬಳಿ ಒಂದು ಗಳಿಗೆ ನಿಂತು ಕೇಳಿಸಿಕೊಂಡು ಹೋಗುತ್ತಾರೆ.

ಆದ್ದರಿಂದ ನಮ್ಮ ಶಾಲೆಯಲ್ಲಿ ಒಂದು ಕಟ್ಟಳೆ ಬೆಳೆದು ಬಂದಿದೆ. ಯಾವ ಮಗುವಾದರೂ ಇನ್ನೊಂದು ಮಗುವನ್ನು ಬೈದು ನೋಯಿಸಿತೆಂದರೆ ಆ ಮಗುವಿಗೆ ಪೆಟ್ಟಿಲ್ಲ. ಕಂಠ ಯಾರದೋ ಅವರು ಮರುದಿನ ಗಂಟೆಯಿಂದ ಗಂಟೆಯ ತನಕ ಶಾಲೆಯ ಪಡಸಾಲೆಯಲ್ಲಿರುವ ದನಿಬೆಂಚಿನ ಮೇಲೆ ಕೂಡಬೇಕು. ತೋರುಬೆರಳಿಟ್ಟು ಯಾರೂ ಏನೂ ಅನ್ನುವುದಿಲ್ಲ. ಕೂಡಬೇಕು, ಅಷ್ಟೇ.

ನಾನು ಆ ಬೆಂಚನ್ನು ಕಂಡವನಲ್ಲ. ಪರುಷವಚನ ಆಡೆನೆಂದು, ಎಂದರೆ ಯಾವ ಜೀವಕ್ಕೂ ಒರಟು ಮಾತು ಆಡುವುದಿಲ್ಲವೆಂದು, ಮುನಿಗಳ ಮುಂದೆ ವ್ರತ ಹಿಡಿದವನು ನಾನು. ಅನಂತಮತಿಯೂ ಅದೇ ವ್ರತದವಳು. ಕಣ್ಣಿನಿಂದ ಬೈಯುವುದಕ್ಕೆ ಅಡ್ಡಿಯಿಲ್ಲವೆಂಬುದು ಮಾತ್ರ ಅವಳ ಪಾಠಾಂತರ. ನಮಗೆ ತಡವಾಗಿ ಹುಟ್ಟಿದ ಕೂಸು ವಜ್ರ. ಅವನಿಗೆ ನಾನು "ಹೂಂ" ಅಂದದ್ದಲ್ಲದೆ "ಊಹೂಂ" ಅಂದದ್ದಿಲ್ಲ. ಬೆನ್ನು ತಿಕ್ಕಿದ್ದು ನಾನು, ಚಪ್ಪಲಿಯ ಪಟ್ಟಿ ಹಾಕಿದ್ದು ನಾನು, ತುತ್ತು ಮಾಡಿ ಬಾಯಿಗಿಟ್ಟದ್ದೂ ನಾನೇ. ಇಂಥ ಮನೆಯ ಮಗು ಶಾಲೆಯಲ್ಲಿ ದನಿ ಎತ್ತಿದರೆ ಹೊರಗೆ ಬರುವುದು ಏನೆಂಬುದನ್ನು ನಾನು ಯೋಚಿಸಿರಲಿಲ್ಲ.

ಅಂದು ಸಂಜೆ ಮೂರು ರೊಟ್ಟಿ ತಿಂದ ಮೇಲೆ ಅವನ ವೈರಾಗ್ಯ ಸ್ವಲ್ಪ ಇಳಿದು ವಿಷಯ ಹೊರಬಿತ್ತು. ಗಿರಣಿ ತಂಗೆವ್ವನ ಮಗ ಮಲ್ಲೇಶಿ ಅವನ ತರಗತಿಯವನು. ಊಟದ ಗಂಟೆ ಹೊಡೆದೊಡನೆ ಬಂದು ಇವನ ಡಬ್ಬಿ ಕಸಿದುಕೊಳ್ಳುತ್ತಾನೆ. ಇವನು ಎದ್ದು ನಿಂತು, ಇದ್ದ ಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, "ಬಿಡೋ!" ಎಂದು ಕೂಗಲು ಬಾಯಿ ತೆರೆಯುತ್ತಾನೆ. ಆಗ ಹೊರಬೀಳುವುದು ನನ್ನ ಕಂಠ.

"ಏನಂತೈತಿ?" ಎಂದು ಕೇಳಿದೆ.

ವಜ್ರ ಗೋಡೆಯತ್ತ ತಿರುಗಿ ಹೇಳಿದ: "ಇನ್ನೊಂದೇ ತುತ್ತು, ನನ್ನ ಬಂಗಾರ. ತುಪ್ಪ ಹಾಕ್ಲೇನೋ ರಾಜಾ?"

ತರಗತಿಯೇ ನೆಲಕ್ಕೆ ಬಿದ್ದು ನಗುತ್ತದಂತೆ. ಮಲ್ಲೇಶಿ ಕೈಮುಗಿದು, "ಪಂಡಿತರು ಇಷ್ಟ ಪ್ರೀತಿಲೆ ಹೇಳಿದ ಮ್ಯಾಲೆ ಹೆಂಗ ಬ್ಯಾಡ ಅನ್ನಲಿ?" ಎಂದು ಉಳಿದದ್ದನ್ನೂ ತಿನ್ನುತ್ತಾನಂತೆ. ಇವನು ಇನ್ನೂ ಜೋರಾಗಿ ಕೂಗಿದಷ್ಟೂ ನಾನು ಅಲ್ಲಿ ಇನ್ನೂ ಅಕ್ಕರೆಯಿಂದ ಬಡಿಸುತ್ತೇನಂತೆ. ಈಗ ಅವನಿಗೆ ಶಾಲೆಯಲ್ಲಿ ವಜ್ರನೆಂಬ ಹೆಸರೇ ಇಲ್ಲ. ಎಲ್ಲರೂ 'ತುಪ್ಪ' ಎನ್ನುತ್ತಾರಂತೆ.

"ನಾ ಹೋಗೂದಿಲ್ಲಪ್ಪಾ," ಅಂದ ವಜ್ರ. "ನೀ ಎಷ್ಟ ಹೇಳಿದ್ರೂ ಹೋಗೂದಿಲ್ಲ."

ಮರುದಿನ ಅವನು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕಲಿಯುವ ವಯಸ್ಸಿನ ಹುಡುಗ ಕಂಬಕ್ಕೆ ಒರಗಿ ಇರುವೆಗಳ ಸಾಲು ನೋಡುತ್ತ ಕೂತರೆ, ಅಕ್ಷರವನ್ನೇ ನಂಬಿ ಬದುಕಿದ ತಂದೆಗೆ ಏನೆನಿಸುತ್ತದೆಂದು ಬರೆದು ತಿಳಿಸಲಾರೆ. ಮೂರನೆಯ ಬೆಳಿಗ್ಗೆ ನಾನು ಶಲ್ಯ ಹೊದ್ದು ಗಿರಣಿಗೆ ನಡೆದೆ.

ತಂಗೆವ್ವನ ಹಿಟ್ಟಿನ ಗಿರಣಿ ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವ ತನಕ ನಿಲ್ಲುವುದಿಲ್ಲ. ಅದರ ಸದ್ದಿನಲ್ಲಿ ಅವಳ ಗಂಡನ ಕಿವಿ ಎಂದೋ ಮುಚ್ಚಿಹೋಗಿವೆ; ಅವನು ಏನು ಕೇಳಿದರೂ ನಗುತ್ತಾನೆ. ತಂಗೆವ್ವ ಮಾತ್ರ ಆ ಸದ್ದಿನ ಮೇಲೆ ತನ್ನ ಸದ್ದನ್ನು ಹತ್ತಿಸಿಕೊಂಡು ಬದುಕಿದವಳು. ಜೋಳ ಒಯ್ದವರಿಗೆ "ಬರ್ರಿ, ಕೂಡ್ರಿ" ಅಂದರೂ ಹೊಸಬರು ಓಡಿಹೋಗುತ್ತಾರೆ.

"ತಂಗೆವ್ವಾ, ನಿನ್ನ ಮಗ ನನ್ನ ಮಗನ ಡಬ್ಬಿ ಕಸ್ಗೊಳ್ತಾನ," ಎಂದು ನಾನು ವ್ರತಕ್ಕೆ ಭಂಗ ಬಾರದ ದನಿಯಲ್ಲಿ ಹೇಳಿದೆ.

"ಸಣ್ಣಗ ಬೇಕೋ, ದಪ್ಪಗ ಬೇಕೋ?" ಎಂದು ಅವಳು ಕೂಗಿದಳು.

"ಡಬ್ಬಿ, ಡಬ್ಬಿ!"

"ಡಬ್ಬಿ ನೀವ ತರಬೇಕ್ರೀ ಪಂಡಿತರ! ನಾವು ಬರೇ ಬೀಸಿ ಕೊಡ್ತೀವಿ!"

ಕೊನೆಗೆ ಅವಳ ಗಂಡ ನನ್ನ ಮುಖ ನೋಡಿ, ಕನಿಕರದಿಂದ ನಕ್ಕು, ಯಂತ್ರದ ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿದ. ಸದ್ದು ನಿಂತಿತು, ತಂಗೆವ್ವ ನಿಲ್ಲಲಿಲ್ಲ. ನನ್ನ ದೂರನ್ನೆಲ್ಲ ಕೇಳಿ ಹಣೆ ಬಡಿದುಕೊಂಡಳು.

"ಆ ಹೊಟ್ಟೆಬಾಕ ಮಾಡಿದ್ದನ? ಮನಿಗಿ ಬರ್ಲಿ, ಚರ್ಮಾ ಸುಲೀತೀನಿ! ಪಂಡಿತರ, ದಿನಾ ಬೈತೀನ್ರೀ. ಏಳುವಾಗ ಬೈತೀನಿ, ಮಲಗುವಾಗ ಬೈತೀನಿ. ವಾರದಾಗ ಮೂರು ದಿನ ಆ ಬೆಂಚಿನ ಮ್ಯಾಲೇ ಇರ್ತೀನಿ, ಒಂದ್ ದಿಂಬ ಸೈತ ಅಲ್ಲೇ ಬಿಟ್ಟ ಬಂದೀನಿ. ಇನ್ನ ಹೆಂಗ ಬೈಬೇಕು?" ಎಂದವಳು ಸ್ವಲ್ಪ ಯೋಚಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದಿರ್ಲಿ, ನೀವ್ ಯಾಕ್ರೀ ನಿಮ್ಮ ಹುಡುಗನ್ನ ಬರೇ ಕೈಲೆ ಕಳಸ್ತೀರಿ? ಬುತ್ತಿ ಕಟ್ಟಿದಂಗ ನಾಕ್ ಬೈಗಳಾನೂ ಕಟ್ಟಿ ಕಳಸ್ರಿ. ಎದುರಿಗಿದ್ದಾಂವ ಒಂದ್ ಅಂದ್ರ ಇಂವ ಎರಡು ಅನ್ನಬೇಕು."

ಆ ಮಾತಿನಲ್ಲಿ ನ್ಯಾಯವಿದೆಯೆಂದು ನನಗೆ ತೋರಿತು. ದೂರು ಹೇಳಲು ಹೋದವನು ಶಿಷ್ಯನಾಗಿ ಕೂತೆ.

"ಮೊದಲ ಹಗುರಾದ್ದರಿಂದ ಶುರು ಮಾಡ್ರಿ," ಅಂದಳು ಗುರು. "ಕತ್ತಿ ಅನ್ರಿ."

"ಕತ್ತೆ ಪಂಚೇಂದ್ರಿಯ ಜೀವ, ತಂಗೆವ್ವಾ. ಅದರ ಹೆಸರನ್ನ ಬೈಗಳ ಮಾಡಿದ್ರ ಅದಕ್ಕ ಅವಮಾನ. ಅಲ್ದ ನನ್ನ ಮಗ ಕತ್ತೆ ಅಲ್ಲ, ಅದು ಸುಳ್ಳಾಗ್ತದ."

"ಹಂಗಾರ, ನಿನ್ನ ಬಾಯಾಗ ಮಣ್ಣ ಹಾಕ ಅನ್ರಿ."

"ಮಣ್ಣಿನೊಳಗ ಪೃಥ್ವೀಕಾಯದ ಜೀವಗಳು ಇರ್ತಾವ."

"ನಿನ್ನ ಮಾರಿಗಿ ಬೆಂಕಿ ಹಚ್ಚ?"

"ಬೆಂಕಿನೂ ಒಂದು ಕಾಯ."

ತಂಗೆವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಪಂಡಿತರ, ಯಾವ ಜೀವಕ್ಕೂ ನೋವಾಗದಂಗ ಬೈಯೂದು ನಂಗ ಬರೂದಿಲ್ರೀ. ನಿಮ್ಮ ಗ್ರಂಥದಾಗ ಏನಾರ ಐತೇನ ನೋಡ್ಕೋರಿ," ಎಂದು ಪಟ್ಟಾ ಏರಿಸಲು ಗಂಡನಿಗೆ ಕೈಮಾಡಿದಳು.

ಗ್ರಂಥದಲ್ಲಿ ಇತ್ತು. ಮನೆಗೆ ಬಂದು ವ್ಯಾಸಪೀಠದ ಮುಂದೆ ಕೂತವನಿಗೆ ಹೊಳೆಯಿತು: ಏಳು ನರಕಗಳ ವರ್ಣನೆ ಸುಳ್ಳೂ ಅಲ್ಲ, ಪರುಷವಚನವೂ ಅಲ್ಲ, ಶಾಸ್ತ್ರ! ಅದನ್ನು ಎಷ್ಟು ಜೋರಾಗಿ ಹೇಳಿದರೂ ವ್ರತಕ್ಕೆ ಭಂಗವಿಲ್ಲ. ರತ್ನಪ್ರಭೆಯಿಂದ ಹಿಡಿದು ಮಹಾತಮಃಪ್ರಭೆಯವರೆಗೆ ಒಂದೊಂದರ ಉಷ್ಣ, ಶೀತ, ದುರ್ಗಂಧ, ಅಲ್ಲಿನ ಜೀವಗಳ ಕೂಗು ಎಲ್ಲವೂ ನನಗೆ ಕಂಠಸ್ಥ. ಇಷ್ಟು ದೊಡ್ಡ ಬೊಕ್ಕಸ ಇಟ್ಟುಕೊಂಡು ಗಿರಣಿಯ ಬಾಗಿಲಿಗೆ ಹೋಗಿದ್ದೆನಲ್ಲ ಎಂದು ನನಗೇ ನಗು ಬಂತು.

ಅಂದಿನಿಂದ ಮನೆಯಲ್ಲಿ ಅಭ್ಯಾಸ ಆರಂಭವಾಯಿತು. ವಜ್ರ ಹಾಲು ಚೆಲ್ಲಿದರೆ ಒಂದನೆಯ ನರಕ. ಟೊಪ್ಪಿಗೆ ನೆಲದ ಮೇಲೆ ಬಿಟ್ಟರೆ ಎರಡನೆಯದು. ಉಗುರು ಕಚ್ಚಿದರೆ ನಾನು ಎದ್ದು ನಿಂತು, ಬಸದಿಯ ಕಂಬಗಳು ಕೂಡ ಕೇಳಿರದ ದನಿಯಲ್ಲಿ, "ಎಲವೋ ಅವಿವೇಕಿ! ಈ ದುಷ್ಕರ್ಮಕ್ಕೆ ನೀನು ಪಂಕಪ್ರಭೆಯ ಕೆಸರಿನಲ್ಲಿ ತಲೆಕೆಳಗಾಗಿ ಬೀಳುವೆ! ಅಲ್ಲಿ ನಿನಗೆ ನೀರಿಲ್ಲ! ನೆರಳಿಲ್ಲ! ಕೂಗಿದರೆ ಕೇಳುವವರಿಲ್ಲ!" ಎನ್ನುತ್ತಿದ್ದೆ. ಮೊದಲ ದಿನ ವಜ್ರ ಬೆಚ್ಚಿಬಿದ್ದು ಅಡಿಗೆಮನೆಗೆ ಓಡಿದ. ಎರಡನೆಯ ದಿನ ಕಣ್ಣರಳಿಸಿ ಕೇಳಿದ. ಆಮೇಲೆ ಅವನ ಮುಖದಲ್ಲಿ ಒಂದು ಬಗೆಯ ಹುರುಪು ಕಾಣಿಸಿಕೊಂಡಿತು. ಒಂದು ಬೆಳಿಗ್ಗೆ ತಾನಾಗಿಯೇ ಚೀಲ ಎತ್ತಿಕೊಂಡು ಶಾಲೆಗೆ ಹೊರಟ. ನನ್ನ ಪಾಂಡಿತ್ಯ ಸಾರ್ಥಕವಾಯಿತೆಂದು ನಾನು ಹಿಗ್ಗಿದೆ.

"ಹುಡುಗ ಹೊಂಟಿದ್ದು ಖರೆ," ಅಂದಳು ಅನಂತಮತಿ. "ಎದಕ್ಕ ಹೊಂಟಾನ ಅಂತ ಕೇಳಿದ್ರೇನು?" ಆಮೇಲೆ ಕಣ್ಣಿನಿಂದ ನನ್ನನ್ನು ಸ್ವಲ್ಪ ಬೈದಳು.

ಅಂದು ಮಧ್ಯಾಹ್ನವೇ ಶಾಲೆಯಿಂದ ಕರೆ ಬಂತು. ಮುಖ್ಯೋಪಾಧ್ಯಾಯಿನಿ ಶಶಿಕಲಾ ಅಕ್ಕೋರು ನನ್ನನ್ನು ಕೂರಿಸಿ, ನೀರು ಕೊಟ್ಟು, ಆಡಬೇಕಾದ ಮಾತನ್ನು ಹೇಗೆ ಆಡಲಿ ಎಂಬಂತೆ ಸೆರಗು ಸರಿಪಡಿಸಿಕೊಂಡರು.

"ಪಂಡಿತರ, ನೀವು ಊರಿಗೆ ಹಿರಿಯರು. ಆದ್ರ ನಾಳೆ ನೀವು ಬೆಂಚಿನ ಮ್ಯಾಲೆ ಕೂಡಬೇಕಾಗ್ತೈತಿ."

"ಮಲ್ಲೇಶಿಗೆ ಅಷ್ಟು ನೋವಾತೇನ್ರೀ?" ಎಂದೆ, ನೋವಾಗಿದ್ದರೆ ಕೂಡಲು ಸಿದ್ಧನೇ ಇದ್ದೆ.

"ಮಲ್ಲೇಶಿ?" ಅಕ್ಕೋರು ನಿಟ್ಟುಸಿರಿಟ್ಟರು. "ಅವಗ ಮೊದಲು ಒಂದ್ ನರಕ ಹೇಳಿದ್ನಂತ. ಅಂವ 'ಅಲ್ಲಿ ಗಿರಣಿ ಐತೇನೋ?' ಅಂತ ಕೇಳಿ ನಕ್ಕನಂತ. ಅದಕ್ಕ ನಿಮ್ಮ ಹುಡುಗ ಅವನ್ನ ಬಿಟ್ಟು ನೀರಿನ ನಳದ ಹತ್ರ ಹೋಗ್ಯಾನ. ಅಲ್ಲಿ ಐದನೇ ಇಯತ್ತೆಯ ಕಸ್ತೂರಿ ಕೈ ತೊಳೀತಿದ್ಲು. ತಡಾ ಮಾಡಿದ್ಲು ಅಂತ ಏಳೂ ನರಕ ಸಾಲಾಗಿ ಹೇಳ್ಯಾನ್ರೀ. ನಿಮ್ಮ ಕಂಠದಾಗ. ರಾಗ ಸಮೇತ. ಆ ಕೂಸು ಆವಾಗಿಂದ ನೀರ ಮುಟ್ಟವಲ್ಲದು."

ಅಕ್ಕೋರು ಮತ್ತೆ ನೀರು ಕೊಟ್ಟರು. ನನಗೂ ಕುಡಿಯಲಾಗಲಿಲ್ಲ.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಅಗುಳೂ ಬಾಯಿಗೆ ಹೋಗುವುದಿಲ್ಲವಾದ್ದರಿಂದ ಅನಂತಮತಿ ಆಗಲೇ ತಾಟು ಹಾಕಿದ್ದಳು. ವಜ್ರ ಚಕ್ಕಳಮಕ್ಕಳ ಹಾಕಿ, ಪಟ್ಟಕ್ಕೆ ಬಂದ ದೊರೆಯಂತೆ ಕೂತಿದ್ದ.

"ಅಪ್ಪಾ, ಇವತ್ತ ನಳದ ಹತ್ರ ಎಲ್ಲಾರೂ ನಂಗ ದಾರಿ ಬಿಟ್ರು," ಅಂದ. "ಸಣ್ಣ ಹುಡುಗ್ರು ಓಡಿಹೋದ್ರು. ತುಪ್ಪ ಹಾಕು."

ನನ್ನ ಕೈ ಅಭ್ಯಾಸಬಲದಿಂದ ತುಪ್ಪದ ಬಟ್ಟಲಿನತ್ತ ಹೋಯಿತು. ಅಷ್ಟರಲ್ಲೇ ನಿಂತಿತು. ಎದೆಯಲ್ಲಿ ಮಹಾತಮಃಪ್ರಭೆ ಕುದಿಯುತ್ತಿತ್ತು. ಬಾಯಿ ತೆರೆದರೆ ಏಳನೆಯ ನರಕ ಹೊರಡುವುದೆಂದು ಗೊತ್ತಿತ್ತು. ಅದು ಹೊರಟರೆ ನಾಳೆ ಮತ್ತೊಂದು ಕೂಸಿನ ಕಿವಿಗೆ ಹೋಗಿ ಬೀಳುವುದೆಂದೂ ಗೊತ್ತಿತ್ತು. ಏನೂ ಅನ್ನದೆ ತುಪ್ಪ ಹಾಕಿಬಿಡೋಣವೆಂದರೆ, ಆ ದಾರಿಯೂ ಎಲ್ಲಿಗೆ ಹೋಗುತ್ತದೆಂದು ಕಂಡಾಗಿತ್ತು. ಬೈಯುವುದೂ ಅಲ್ಲದ, ರಮಿಸುವುದೂ ಅಲ್ಲದ ಮಾತೊಂದು ಬೇಕಾಗಿತ್ತು. ಅಂಥದ್ದನ್ನು ನಾನು ಯಾವ ಓಲೆಗರಿಯಲ್ಲೂ ಓದಿರಲಿಲ್ಲ. ಅವನ ಮುಂದಿನ ತಾಟನ್ನು ಎರಡೂ ಕೈಯಿಂದ ಹಿಡಿದು ನನ್ನತ್ತ ಎಳೆದುಕೊಂಡೆ.

"ಬ್ಯಾಡ," ಅಂದೆ.

ವಜ್ರ ಆ ಶಬ್ದವನ್ನು ಗುರುತು ಹಿಡಿಯಲಾರದವನಂತೆ ತಾಯಿಯತ್ತ ನೋಡಿದ. ಅನಂತಮತಿ ಸೌಟು ಹಿಡಿದುಕೊಂಡೇ ನಿಂತಳು.

"ಬ್ಯಾಡ. ಇದು ತಪ್ಪು," ಎಂದು ಮುಂದುವರಿಸಿದೆ. ದನಿ ನಡುಗುತ್ತಿತ್ತು, ಆದರೆ ಏರಲಿಲ್ಲ. "ಆಕಿ ಸಣ್ಣಾಕಿ. ನಿನ್ನ ಸಿಟ್ಟು ಆಕಿದಲ್ಲ. ಏಳು, ಹೋಗಿ ತಪ್ಪಾತು ಅಂತ ಹೇಳಿ ಬರೂಣು. ನೀ ಒಬ್ಬನ ಹೋಗೂದು ಬ್ಯಾಡ, ನಾನೂ ನಿನ್ನ ಕೂಡ ಬರ್ತೀನಿ. ಆಮೇಲೆ ಇಬ್ರೂ ಕೂಡಿ ಉಣ್ಣೂಣು."

"ನಾ ಬರೂದಿಲ್ಲ."

"ಹಂಗಾದ್ರ ನಾ ಇಲ್ಲೇ ಕೂಡ್ತೀನಿ. ನೀ ಏಳೂತನಾ ನಂಗೂ ಊಟ ಇಲ್ಲ."

ಅವನು ಅತ್ತ. ನಾನು ತುತ್ತು ಮಾಡಲಿಲ್ಲ. ಇನ್ನೂ ಜೋರಾಗಿ ಅತ್ತ. ನನ್ನ ಕೈಬೆರಳುಗಳು ತಾವಾಗಿಯೇ ತುತ್ತಿನ ಆಕಾರಕ್ಕೆ ಮಡಚಿಕೊಳ್ಳುತ್ತಿದ್ದವು. ಅವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕಿಟಕಿಯ ಬಿಸಿಲು ಗೋಡೆಯನ್ನು ಹತ್ತುತ್ತ ಹೋಯಿತು. ಕೊನೆಗೆ ಅವನು ಮೂಗು ಒರೆಸಿಕೊಂಡು ಎದ್ದ.

ಕಸ್ತೂರಿಯ ಮನೆ ಊರಿನ ಇನ್ನೊಂದು ತುದಿಗೆ. ಹೊತ್ತು ಮುಳುಗುವ ಮುನ್ನ ಹೋಗಿ ಬರಬೇಕೆಂದು ನಾನು ಕಚ್ಚೆ ಬಿಗಿದು ಓಡಿದೆ, ವಜ್ರ ಹಿಂದೆ ಓಡಿದ, ಬಸದಿಯ ಕಡೆಗೆ ಹೊರಟಿದ್ದ ಶ್ರಾವಕರು ಎಲ್ಲಿ ಬೆಂಕಿ ಬಿತ್ತೋ ಎಂದು ದಾರಿ ಬಿಟ್ಟರು. ಕಸ್ತೂರಿ ಬಾಗಿಲಿನ ಹಿಂದಿನಿಂದ ಅರ್ಧ ಮುಖ ತೋರಿಸಿದಳು. ವಜ್ರ ತಲೆ ತಗ್ಗಿಸಿ, "ನಂದು ತಪ್ಪಾತು," ಅಂದ. ಅವನ ಸ್ವಂತ ಕಂಠ ಅಷ್ಟು ಸಣ್ಣದೆಂದು ನನಗೆ ಅಂದೇ ತಿಳಿದದ್ದು.

"ಹಂಗಾರ ನನ್ನ ಹೆಸರ ನರಕದಿಂದ ತಗೀ," ಅಂದಳು ಕಸ್ತೂರಿ.

"ತಗದೆ."

"ಏಳರಿಂದನೂ?"

"ಏಳರಿಂದನೂ."

"ಮೂರನೇದರಾಗ ಒಂದ್ ಚೂರೂ ನೀರ ಇರೂದಿಲ್ಲೇನ್ರೀ ಅಜ್ಜಾ?" ಎಂದು ಅವಳು ನನ್ನನ್ನು ಕೇಳಿದಳು. ಶಾಸ್ತ್ರದ ಪ್ರಶ್ನೆ ಬಂದಾಗ ಅರ್ಧದಲ್ಲಿ ಬಿಟ್ಟು ಬರುವುದು ನನ್ನಿಂದಾಗದು. ಸ್ವರ್ಗಗಳಲ್ಲಿ ನೀರಿನ ಅನುಕೂಲ ಹೇಗಿದೆಯೆಂದು ಹೇಳಿದೆ, ಅವಳು ಮತ್ತೊಂದು ಕೇಳಿದಳು, ಆಮೇಲೆ ಒಂದು ಚೊಂಬು ನೀರು ಗಟಗಟ ಕುಡಿದಳು. ನಾವು ಹೊರಗೆ ಬಂದಾಗ ಸೂರ್ಯ ಇರಲಿಲ್ಲ. ಅಂದು ಇಬ್ಬರಿಗೂ ಉಪವಾಸ. ನಮ್ಮ ಓಣಿ ಬಂದಾಗ ವಜ್ರ, "ನೀ ಯಾಕಪ್ಪಾ ಉಣ್ಣಲಿಲ್ಲ? ನೀ ಏನ ಮಾಡಿದ್ದಿ?" ಎಂದು ಕೇಳಿದ. ಏಳು ನರಕಗಳನ್ನು ಕಲಿಸಿದ್ದು ನಾನೇ ಎಂದೆ. ಬೆಳಿಗ್ಗೆ ಸೂರ್ಯೋದಯವಾದೊಡನೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ನಾನು ತುತ್ತು ಮಾಡಲಿಲ್ಲ. ಅವನು ತಾನೇ ತಿಂದ, ನನಗಿಂತ ಬೇಗ.

ಊಟವಾದ ಮೇಲೆ ಅವನು ಚೀಲ ಎತ್ತಲಿಲ್ಲ. ಕಸ್ತೂರಿಯ ಲೆಕ್ಕ ತೀರಿತ್ತು, ಮಲ್ಲೇಶಿಯದು ತೀರಿರಲಿಲ್ಲ. ನರಕವೂ ಕೈಬಿಟ್ಟ ಮೇಲೆ ಯಾವ ಬಲದಿಂದ ಹೋಗುವುದು? "ನಾನಂತೂ ಬೆಂಚಿಗೆ ಹೋಗಲೇಬೇಕು," ಎಂದೆ. "ಇವತ್ತೊಂದು ದಿನ ಬಾ. ಬಂದು ನೋಡಿ, ಆಮೇಲೆ ಶಾಲೆ ಬಿಡೂದೋ ಇಡೂದೋ ನೀನ ಹೇಳು." ಅವನು ಯೋಚಿಸಿ, ಒಂದೇ ದಿನ ಎಂದು ಮೂರು ಸಲ ಹೇಳಿಸಿಕೊಂಡು ಬಂದ.

ದನಿಬೆಂಚಿನ ಮೇಲೆ ತಂಗೆವ್ವ ಆಗಲೇ ದಿಂಬಿನ ಮೇಲೆ ಕೂತು ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಅಯ್ಯ, ಪಂಡಿತರ! ನೀವೂ ಬಂದ್ರ್ಯಾ!" ಎಂದು ಇಡೀ ಶಾಲೆಗೆ ಕೇಳುವಂತೆ ಸ್ವಾಗತಿಸಿದಳು. "ಬರ್ರಿ, ಈ ಕಡಿ ಕೂಡ್ರಿ, ಆ ಕಡಿ ಬಿಸಲ ಬಡೀತೈತಿ. ಏಳೂ ನರಕ ಬೈದ್ರಂತಲ್ರೀ! ಊರೆಲ್ಲಾ ಅದ ಮಾತು. ನಾ ಇಷ್ಟ ವರ್ಷ ಬೈದ್ರೂ ಒಂದ್ ನರಕ ದಾಟಿಲ್ಲ ನೋಡ್ರಿ. ಓದಿದವರು ಓದಿದವರ!"

ನನಗೆ ಭೂಮಿ ಬಾಯಿ ತೆರೆದರೆ ಸಾಕೆನಿಸಿತು. ಮಾತು ತಿರುಗಿಸಲು, "ಮಲ್ಲೇಶಿ ಹೆಂಗ ಬೈತಾನಂತ ನೀ ಇಲ್ಲಿ ಕೂತಾಗ ಕೇಳಿಯೇನು?" ಎಂದೆ.

"ಎಲ್ಲಿದ್ರೀ! ನಾ ಕೂತ ದಿನ ಅಂವ ದನಿನ ಎತ್ತೂದಿಲ್ಲ. ಅಷ್ಟ ಅಂಜಿಕಿ ಐತಿ," ಎಂದು ಅವಳು ಹೆಮ್ಮೆಯಿಂದ ತೊಟ್ಟು ಮುರಿದಳು.

ಊಟದ ಗಂಟೆ ಹೊಡೆಯಿತು. ಮಕ್ಕಳು ಅಂಗಳದ ಬೇವಿನ ನೆರಳಿಗೆ ಹರಿದುಬಂದರು. ವಜ್ರ ಒಂದು ಕಲ್ಲಿನ ಮೇಲೆ ಕೂತು ಡಬ್ಬಿ ತೆರೆದ. ಮಲ್ಲೇಶಿ ಬಂದ. ತಾಯಿ ಬೆಂಚಿನ ಮೇಲಿದ್ದುದರಿಂದ ಅವನು ದನಿ ಎತ್ತಲಿಲ್ಲ. ಕೈಯನ್ನಷ್ಟೇ ಎತ್ತಿ, ಮೆಲ್ಲಗೆ, ಸದ್ದಿಲ್ಲದೆ, ಹೋಳಿಗೆಯೊಂದನ್ನು ತೆಗೆದುಕೊಂಡ. ತಂಗೆವ್ವ ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ. ನಾನು ಎದ್ದು ಓಡಬೇಕೆಂದವನು ಬೆಂಚಿನ ಅಂಚು ಹಿಡಿದು ಕೂತೆ. ಗಂಟೆಯ ತನಕ ಏಳಬಾರದೆಂಬುದು ಕಟ್ಟಳೆ. ಅದಕ್ಕಿಂತ ಹೆಚ್ಚಾಗಿ, ಓಡಿಹೋಗಿ ನಾನು ಮಾಡುವುದೇನು?

ವಜ್ರ ಎದ್ದು ನಿಂತ. ಸುತ್ತಲಿನ ಹುಡುಗರು ತುಪ್ಪಕ್ಕಾಗಿ ಕಾದು ಆಗಲೇ ಅರ್ಧ ನಗುತ್ತಿದ್ದರು. ಅವನು ಬಾಯಿ ತೆರೆದು ಕೂಗಿದ.

"ಬ್ಯಾಡ!"

ನನ್ನ ಕಂಠ. ಅಂಗಳದ ಕಾಗೆಗಳು ಎದ್ದವು. ಮಲ್ಲೇಶಿ ಹೋಳಿಗೆಯನ್ನು ಗಾಳಿಯಲ್ಲಿ ಹಿಡಿದು ಬೆಂಚಿನತ್ತ ತಿರುಗಿದ, ನಾನೇ ಕೂಗಿದೆನೆಂದು. ನಾನಲ್ಲವೆಂದು ತೋರಿಸಲು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

"ಬ್ಯಾಡ. ಇದು ತಪ್ಪು!" ಎಂದು ವಜ್ರನ ಬಾಯಿಂದ ನಾನು ಮುಂದುವರಿಸಿದೆ, ದನಿ ನಡುಗುತ್ತಿತ್ತು, ಆದರೆ ಹಿಂದೆಗೆಯಲಿಲ್ಲ. "ನಿನ್ನ ಸಿಟ್ಟು ಆಕಿದಲ್ಲ! ಏಳು, ಹೋಗಿ ತಪ್ಪಾತು ಅಂತ ಹೇಳಿ ಬರೂಣು! ನಾನೂ ನಿನ್ನ ಕೂಡ ಬರ್ತೀನಿ! ಆಮೇಲೆ ಇಬ್ರೂ ಕೂಡಿ ಉಣ್ಣೂಣು!"

ಯಾರೂ ನಗಲಿಲ್ಲ. ನಗಬೇಕಾದ ಜಾಗ ಎಲ್ಲಿದೆಯೆಂದು ಯಾರಿಗೂ ತಿಳಿಯಲಿಲ್ಲವೆಂದು ತೋರುತ್ತದೆ. ಬೈಗಳಕ್ಕೆ ಬೈಗಳ ಕೊಡುವುದು ಮಲ್ಲೇಶಿಗೆ ಗೊತ್ತಿತ್ತು, ತುಪ್ಪವನ್ನು ಬಳಿದು ತಿನ್ನುವುದೂ ಗೊತ್ತಿತ್ತು. ಕೂಡ ಬರುತ್ತೇನೆಂದು ಗದರುವವರಿಗೆ ಏನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಎಲ್ಲಿಗಿ?" ಎಂದು ಸ್ವಂತ ಕಂಠದಲ್ಲಿ ಕೇಳಿದ. ಆ ಕಂಠವೂ ಬಹಳ ಸಣ್ಣದೇ ಇತ್ತು.

ವಜ್ರ ತಬ್ಬಿಬ್ಬಾದ. "ಗೊತ್ತಿಲ್ಲೋ. ನಮ್ಮಪ್ಪ ಹಂಗ ಅಂದಿದ್ದ."

"ಆಕಿ ಅಂದ್ರ ಯಾರು?"

"ಅದು ಬ್ಯಾರೇ ವಿಷಯ."

"ಕೂಡಿ ಉಣ್ಣೂದು ಖರೇನ?"

ವಜ್ರ ಡಬ್ಬಿಯನ್ನು ನೋಡಿದ, ಹೋಳಿಗೆಯನ್ನು ನೋಡಿದ. "ಅದನ್ನ ಮೊದಲ ಒಳಗಿಡು. ಆಮೇಲೆ ನಾ ಕೊಡ್ತೀನಿ," ಅಂದ.

ಮಲ್ಲೇಶಿ ಹೋಳಿಗೆ ಒಳಗಿಟ್ಟ. ವಜ್ರ ಅದನ್ನು ಹರಿದು, ದೊಡ್ಡ ತುಂಡನ್ನು ತನಗಿಟ್ಟುಕೊಂಡು ಸಣ್ಣದನ್ನು ಕೊಟ್ಟ. ಅವನು ಏನನ್ನಾದರೂ ತನಗಾಗಿ ಇಟ್ಟುಕೊಂಡದ್ದನ್ನು ನಾನು ಆ ತನಕ ನೋಡಿರಲಿಲ್ಲ. ಇಬ್ಬರೂ ಒಂದೇ ಕಲ್ಲಿನ ಮೇಲೆ ಒತ್ತಿಕೊಂಡು ಕೂತರು.

"ನಾಳೆ ಬರ್ತೀಯಿಲ್ಲೋ?" ಎಂದ ಮಲ್ಲೇಶಿ, ಬಾಯಿ ತುಂಬಿಕೊಂಡು.

ಬೆಂಚಿನ ಮೇಲೆ ನಾನು ಕಿವಿ ನಿಮಿರಿಸಿದೆ. ವಜ್ರ ಬೆರಳು ನೆಕ್ಕಿದ. ನನ್ನತ್ತ ನೋಡಲೂ ಇಲ್ಲ.

"ನಾಳೆ ನೀ ಏನ ತರ್ತೀ?" ಎಂದು ಕೇಳಿದ.

ಅದಕ್ಕೆ ಉತ್ತರ ಮಲ್ಲೇಶಿಗೆ ಗೊತ್ತಿರಲಿಲ್ಲ. ಅವನು ಎದ್ದು, ಸಂತೋಷದಲ್ಲಿ ಎಚ್ಚರ ತಪ್ಪಿ, ಅಂಗಳದ ಆ ತುದಿಯಿಂದ ತಾಯಿಯನ್ನು ಕೇಳಲು ಪೂರಾ ದನಿ ಎತ್ತಿಬಿಟ್ಟ. ಹೊರಟದ್ದು ತಂಗೆವ್ವನ ಕಂಠ: "ತಿನ್ನಾಕ ಹುಟ್ಟೀಯೇನೋ ಹೊಟ್ಟೆಬಾಕಾ! ಮತ್ತ ಬಂದ್ಯಾ? ಕಣ್ಣಮುಂದಿಂದ ಅತ್ಲಾಗ ಹೋಗು!"

ತಂಗೆವ್ವನ ಕೈಯ ಮೊರ ಓರೆಯಾಗಿ ಮೆಣಸಿನಕಾಯಿಗಳು ಪಡಸಾಲೆಯ ತುಂಬ ಉರುಳಿದವು.

"ಅಯ್ಯ! ಯಾರ್ರೀ ಪಂಡಿತರ ಆ ಹೆಂಗಸು? ನನ್ನ ಕೂಸಿಗೆ ಹಿಂಗ ಬೈತಾಳಲ್ಲ!"

ಸತ್ಯ ಹೇಳುವುದೂ ನನ್ನ ವ್ರತ, ನೋಯಿಸದಿರುವುದೂ ನನ್ನ ವ್ರತ. ನಾನು ಬಗ್ಗಿ ಮೆಣಸಿನಕಾಯಿ ಆರಿಸತೊಡಗಿದೆ. ಅವಳು ನನ್ನ ಬೆನ್ನನ್ನು ನೋಡಿದಳು. ಆಮೇಲೆ ಮಗನತ್ತ ನೋಡಿದಳು. ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಗಿರಣಿ ಇಲ್ಲದ ಆ ಅಂಗಳದಲ್ಲಿ ಬೇವಿನ ಎಲೆ ಬೀಳುವುದೂ ಕೇಳುತ್ತಿತ್ತು. ತಂಗೆವ್ವ ಕಟ್ಟಳೆ ಮುರಿದು ಬೆಂಚಿನಿಂದ ಎದ್ದಳು, ಅಂಗಳ ದಾಟಿದಳು, ಮಗನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಏನು ಹೇಳಿದಳೆಂದು ನನಗೆ ಕೇಳಿಸಲಿಲ್ಲ. ತಂಗೆವ್ವ ಆಡಿದ ಮಾತು ನಮ್ಮ ಊರಿನಲ್ಲಿ ಇನ್ನೊಬ್ಬರಿಗೆ ಕೇಳಿಸದೆ ಹೋದದ್ದು ಅದೇ ಮೊದಲು. ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ಶಶಿಕಲಾ ಅಕ್ಕೋರು ಅವಳನ್ನು ತಿರುಗಿ ಬೆಂಚಿಗೆ ಕರೆಯಲಿಲ್ಲ.

ಮಲ್ಲೇಶಿ ಕಿವಿ ಉಜ್ಜಿಕೊಳ್ಳುತ್ತ ಕಲ್ಲಿಗೆ ಮರಳಿ ಬಂದ. "ಶೇಂಗಾದ ಉಂಡಿ ಕಟ್ಟಿ ಕೊಡ್ತಾಳಂತ," ಎಂದು, ತನಗೇ ನಂಬಿಕೆ ಬಾರದವನಂತೆ ಹೇಳಿದ.

"ನಂಗ ಎರಡು," ಅಂದ ನನ್ನ ಮಗ, ತನ್ನದೇ ಕಂಠದಲ್ಲಿ, ದನಿಯನ್ನು ಎಳ್ಳಷ್ಟೂ ಎತ್ತದೆ.